ಆಂಜಿನಪ್ಪನ ಹುಳುಮನೆಗೆ ಬಂದ ಎಂಟುಕಾಲಿ

ಆವತಿಯ ಆಂಜಿನಪ್ಪ ಮೊಂಡು ಪ್ರಾಣಿಗಳನ್ನು ಕಾಣದವನಲ್ಲ. ನೊಗ ಕಂಡ ಕೂಡಲೇ ಮಲಗಿಬಿಡುವ ಎತ್ತನ್ನು ಪಳಗಿಸಿದ್ದ. ಒದೆಯುವ ಹಸುವಿನ ಕೆಚ್ಚಲಿಗೆ ಕೈ ಹಾಕಿ ಹಾಲು ಕರೆದಿದ್ದ. ಎಷ್ಟು ಬೇಲಿ ಕಟ್ಟಿದರೂ ತೂರಿ ಬರುವ ಮೇಕೆಯ ಕೊರಳಿಗೆ ಕೊರಡು ಕಟ್ಟಿ ಗೆದ್ದಿದ್ದ. ಆದರೆ ಅವುಗಳಲ್ಲಿ ಯಾವುದೂ ಮೇವು ಹಾಕಲು ಬಂದವನ ಮುಖಕ್ಕೆ ಗುರಿಯಿಟ್ಟು ಉಪ್ಪುನೀರು ಉಗಿದಿರಲಿಲ್ಲ.

"ಥೂ, ನಿನ್ ಮನೆ ಹಾಳಾಗ!" ಎಂದು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಅವನು ಗಾಜಿನ ತೊಟ್ಟಿಗೆ ಬೈದ.

"ಆ ಮನೆ ನಿಮ್ದೇ ಅಲ್ವಾ? ನೋಡ್ಕಂಡು ಬೈರಿ" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುನಿವೆಂಕಟಮ್ಮ.

ಅವಳು ಹೇಳಿದ್ದು ಸುಳ್ಳಲ್ಲ. ಅದು ಆಂಜಿನಪ್ಪನ ಅಪ್ಪ ಕಟ್ಟಿಸಿದ ಹುಳುಮನೆ. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ನಾಡಹೆಂಚು, ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದ ಹಾಗೆ ತಂಪು. ಆ ತಂಪಿನಲ್ಲಿ ಆಂಜಿನಪ್ಪ ಹುಡುಗನಾಗಿದ್ದಾಗಿನಿಂದ ರೇಷ್ಮೆ ಹುಳು ಮೇಯಿಸಿದ್ದ. ಬಾಗಿಲಲ್ಲಿ ಕಾಲು ತೊಳೆಯದೆ ದೇವರೇ ಬಂದರೂ ಅವನು ಒಳಗೆ ಬಿಟ್ಟವನಲ್ಲ. ಹುಳು ಮನೆಯಲ್ಲಿದ್ದಾಗ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ. ಇವನ ಹುಳು ಕಟ್ಟಿದ ಗೂಡು ವಿಜಯಪುರದ ಮಾರುಕಟ್ಟೆಯಲ್ಲಿ ಮೊದಲು ಹೋಗುತ್ತಿತ್ತು. ಸುತ್ತಲ ಊರಿನವರು ತಮ್ಮ ಹುಳು ಮಂಕಾದರೆ ಇವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೋಗಿ ಹುಳುವಿನ ತಟ್ಟೆ ಮುಟ್ಟಿಸುತ್ತಿದ್ದರು. ಆಂಜಿನಪ್ಪನ ಕೈಗುಣ ಎಂಬ ಮಾತೇ ಹುಟ್ಟಿಕೊಂಡಿತ್ತು.

ಆ ಕೈಗುಣವನ್ನು ಸುಣ್ಣಕಟ್ಟು ರೋಗ ತಿಂದುಹಾಕಿತು. ಎರಡು ವರ್ಷದ ಹಿಂದೆ, ಇನ್ನೇನು ಹುಳು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಮೈಮೇಲೆ ಬಿಳಿ ಬೂಷ್ಟು ಹಿಡಿದು ಇಡೀ ಬೆಳೆ ಬಳಪದ ಕಡ್ಡಿಗಳಂತೆ ಸೆಟೆದುಕೊಂಡಿತು. ಮನೆ ತೊಳೆದು, ಸುಣ್ಣ ಬಳಿದು, ಮತ್ತೆ ಮೊಟ್ಟೆ ತಂದ. ಅದೂ ಹಾಗೇ ಆಯಿತು. ಪಕ್ಕದ ಹೊಲದ ಗೋಪಾಲಪ್ಪ ಟೀ ಅಂಗಡಿಯ ಮುಂದೆ ಹತ್ತು ಜನರೆದುರು ಅಂದುಬಿಟ್ಟ:

"ಆಂಜಿನಪ್ಪನ ಕೈಗುಣ ಮುಗೀತು ಕಣ್ರಪ್ಪ. ಇನ್ಮೇಲೆ ಅವ್ನು ಜಾಲಿ ಗಿಡ ಮುಟ್ಟಿದ್ರೂ ಒಣಗ್ತದೆ."

ಗೋಪಾಲಪ್ಪನದು ಮೊದಲಿಂದಲೂ ಉಪ್ಪು ಖಾರ ಜಾಸ್ತಿಯ ಬಾಯಿ. ನಕ್ಕು ಮರೆಯಬಹುದಿತ್ತು. ಆದರೆ ಆಮೇಲೆ ಯಾರೂ ಆಂಜಿನಪ್ಪನನ್ನು ಹುಳು ನೋಡಲು ಕರೆಯಲಿಲ್ಲ. ಅವನು ಹುಳುಮನೆಗೆ ಬೀಗ ಹಾಕಿದ. ಹಿಪ್ಪುನೇರಳೆ ಸೊಪ್ಪನ್ನು ಮುನಿವೆಂಕಟಮ್ಮ ಹಸುಗಳಿಗೆ ಹಾಕತೊಡಗಿದಳು. ಹಸುಗಳು ಚೆನ್ನಾಗಿ ತಿಂದವು. ಆ ಹೊತ್ತಿಗೆ ಆಂಜಿನಪ್ಪ ಕೊಟ್ಟಿಗೆಯ ಕಡೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಮುನಿವೆಂಕಟಮ್ಮನ ತಂಗಿಯ ಮಗ ಸಿದ್ದರಾಜು ಬಂದ. ಬೆಂಗಳೂರಿನ ದೊಡ್ಡ ಮನೆಗಳ ಗಾಜಿನ ತೊಟ್ಟಿಗಳಿಗೆ ಕಡಲಿನ ಮೀನು ಮಾರುವುದು ಅವನ ಕಸುಬು. ತಮಿಳುನಾಡಿನ ಕಡಲ ಕಡೆಯಿಂದ ವಿಮಾನದಲ್ಲಿ ಬಂದಿಳಿದ ಮೀನುಗಳನ್ನು ಸ್ವಲ್ಪ ದಿನ ಎಲ್ಲಾದರೂ ಸುಧಾರಿಸಿಕೊಳ್ಳಲು ಬಿಡಬೇಕು. ಅದಕ್ಕೆ ತಂಪು ಜಾಗ ಬೇಕು. ಹುಳುಮನೆಯ ಬೀಗ ತೆಗೆಸಿ ಒಳಗೆ ನಿಂತು, "ಏಸಿ ಹಾಕಿದ್ರೂ ಈ ತಂಪು ಬರಲ್ಲ ದೊಡ್ಡಪ್ಪ" ಅಂದ. ಮಾರನೆಯ ವಾರಕ್ಕೆ ಹುಳುವಿನ ತಟ್ಟೆಗಳಿದ್ದ ಅಟ್ಟಣಿಗೆಯ ಮೇಲೆ ಗಾಜಿನ ತೊಟ್ಟಿಗಳು ಕೂತವು, ಬೋರ್‌ವೆಲ್ ನೀರಿಗೆ ಮೂಟೆಗಟ್ಟಲೆ ಕಡಲುಪ್ಪು ಬಿತ್ತು. ಮೇವು ಹಾಕುವ ಕೆಲಸ ಆಂಜಿನಪ್ಪನದಾಯಿತು.

ಮೀನುಗಳು ಮರ್ಯಾದಸ್ಥ ಜೀವಗಳು. ಹಾಕಿದ್ದನ್ನು ತಿಂದು ತಮ್ಮ ಪಾಡಿಗೆ ತಾವಿದ್ದವು. ಆಮೇಲೊಂದು ದಿನ ಸಿದ್ದರಾಜು ಪ್ಲಾಸ್ಟಿಕ್ ಚೀಲದಲ್ಲಿ ಈ ಎಂಟುಕಾಲಿ ಆಕ್ಟೋಪಸ್ಸನ್ನು ತಂದ. ದೇವನಹಳ್ಳಿ ಹತ್ತಿರದ ಯಾವುದೋ ಶ್ರೀಮಂತರ ಮನೆಗೆ ಹೋಗಬೇಕಾದದ್ದು, ಅವರ ತೊಟ್ಟಿ ಕಟ್ಟಿ ಮುಗಿಯುವ ತನಕ ಇಲ್ಲಿರುತ್ತದೆ ಅಂದ.

"ಹುಷಾರು ದೊಡ್ಡಪ್ಪ, ಭಾರಿ ಬುದ್ಧಿವಂತ ಪ್ರಾಣಿ. ಇದಕ್ಕೆ ಮೂರು ಹೃದಯ. ರಕ್ತ ನೀಲಿ. ತಲೇಲಷ್ಟೇ ಅಲ್ಲ, ಎಂಟು ಕಾಲಲ್ಲೂ ಬುದ್ಧಿ ಐತೆ."

ಆಂಜಿನಪ್ಪ ಹೆಂಡತಿಯ ಕಡೆ ತಿರುಗಿ, "ನೋಡ್ದಾ? ನಿನ್ ತಮ್ಮಂಗೆ ತಲೇಲೇ ಇಲ್ಲ, ಇದಕ್ಕೆ ಕಾಲಲ್ಲೂ ಐತಂತೆ" ಅಂದ.

"ನನ್ ತಮ್ಮನ ಸುದ್ದಿ ಬಿಟ್ಟು ನಿಮಗೆ ಅನ್ನ ಇಳಿಯಲ್ವಲ್ಲ" ಅಂದಳು ಅವಳು.

ಕಾಲಿನ ಬುದ್ಧಿ ಏನೆಂದು ಬೇಗನೇ ಗೊತ್ತಾಯಿತು. ಒಂದು ಬೆಳಿಗ್ಗೆ ಪಕ್ಕದ ತೊಟ್ಟಿಯ ಕಿತ್ತಳೆ ಬಣ್ಣದ ಮೀನೊಂದು ಕಾಣಲಿಲ್ಲ. ಇನ್ನೊಂದು ಬೆಳಿಗ್ಗೆ ಮತ್ತೊಂದು. ನೆಲದ ಮೇಲೆ ಒದ್ದೆ ಗುರುತು. ಗೋಪಾಲಪ್ಪನ ಮನೆಯ ಕರಿಬೆಕ್ಕೇ ಕಳ್ಳ ಎಂದು ಆಂಜಿನಪ್ಪ ತೀರ್ಮಾನಿಸಿ, ಬೇಲಿಯ ಹತ್ತಿರ ನಿಂತು ಬೆಕ್ಕಿನ ವಂಶವನ್ನೆಲ್ಲ ಜಾಲಾಡಿದ. ಗೋಪಾಲಪ್ಪ ಸುಮ್ಮನಿರುವವನೇ?

"ಬೆಕ್ಕಿಗೆ ಬೀಗ ತೆಗೆಯೋಕೆ ಬರ್ತದೇನೋ ಆಂಜಿನಪ್ಪ? ನಿನ್ ಮನೇಲಿ ಜೀವ ನಿಲ್ಲಲ್ಲ ಅಂದ್ರೆ ನನ್ ಬೆಕ್ಕು ಏನ್ ಮಾಡ್ತದಪ್ಪ!"

ಆ ಮಾತಿನ ಉರಿಯಲ್ಲೇ ಆಂಜಿನಪ್ಪ ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಕಾದು ಕೂತ. ಬೆಕ್ಕು ಬರಲಿಲ್ಲ. ಬದಲಿಗೆ ಎಂಟುಕಾಲಿ ತನ್ನ ತೊಟ್ಟಿಯ ಮುಚ್ಚಳವನ್ನು ಎರಡು ಕಾಲಿನಲ್ಲಿ ಎತ್ತಿ, ಮಿಕ್ಕ ಕಾಲುಗಳನ್ನು ಗಾಜಿನ ಹೊರಮೈಗೆ ಅಂಟಿಸಿಕೊಂಡು, ಒಗೆದ ಬಟ್ಟೆ ಜಾರಿದ ಹಾಗೆ ಮೆತ್ತಗೆ ಇಳಿದು, ಪಕ್ಕದ ತೊಟ್ಟಿಗೆ ಹತ್ತಿ, ತಿಂದು, ಬಂದ ದಾರಿಯಲ್ಲೇ ವಾಪಸಾಗಿ ಮುಚ್ಚಳ ಎಳೆದುಕೊಂಡಿತು. ಆಂಜಿನಪ್ಪ ಮುಚ್ಚಳದ ಮೇಲೆ ರುಬ್ಬುವ ಗುಂಡುಕಲ್ಲು ಹೇರಿದ. ಮಾರನೆಯ ದಿನ ಅದು ಕೊಳವೆಯ ತೂತಿನಿಂದ ಬಂತು. ಮೂಸಂಬಿ ಗಾತ್ರದ ಮೈ ನಿಂಬೆಕಾಯಿ ಗಾತ್ರದ ತೂತಿನಲ್ಲಿ ತೂರಿದ್ದು ನೋಡಿ ಅವನು ಸಿದ್ದರಾಜುವಿಗೆ ಫೋನು ಮಾಡಿದ. ಮೂಳೆಯೇ ಇಲ್ಲದ ಮೈ. ಗಿಣಿಯ ಕೊಕ್ಕಿನಂತಹ ಅದರ ಬಾಯೊಂದು ಹಿಡಿಸಿದರೆ ಸಾಕು, ಉಳಿದದ್ದೆಲ್ಲ ಹಿಟ್ಟಿನ ಹಾಗೆ ಬರುತ್ತದೆ ಎಂದು ಸಿದ್ದರಾಜು ಫೋನಿನಲ್ಲಿ ನಗುತ್ತಾ ಹೇಳಿದ. ಆಂಜಿನಪ್ಪ ತೂತಿಗೆ ತಂತಿಬಲೆ ಬಿಗಿದ. ಬೆಕ್ಕಿನ ವಿಷಯ ಮಾತ್ರ ಗೋಪಾಲಪ್ಪನಿಗೆ ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ.

ಇನ್ನೊಂದು ಕಾಟ ಕಡ್ಡಿಪುಡಿಯದು. ಎಲೆಯಡಿಕೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿಸಿ ಹಾಕಿಕೊಳ್ಳುವುದು ಅವನ ಅಭ್ಯಾಸ. ಮನೆಯಲ್ಲಿ ಹುಳುವಿದ್ದ ದಿನಗಳಲ್ಲಿ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ, ಹುಳಕ್ಕೆ ವಿಷ. ಈಗ ಯಾರ ಭಯ? ಹಾಗೆಂದುಕೊಂಡು ಅದೇ ಬೆರಳಿನಲ್ಲಿ ಮೇವಿನ ಏಡಿ ಹಿಡಿದು ನೀರಿಗೆ ಅದ್ದಿದ. ಎಂಟುಕಾಲಿ ಬೆರಳಿನ ಸುತ್ತ ಕಾಲು ಸುತ್ತಿತು. ಆ ಕಾಲಿನ ತುಂಬ ಪುಟ್ಟ ಬಟ್ಟಲುಗಳು, ಒಂದೊಂದು ಬಟ್ಟಲೂ ಒಂದೊಂದು ನಾಲಿಗೆ. ರುಚಿ ನೋಡಿದ್ದೇ ತಡ, ಕೈಯನ್ನು ಜಾಡಿಸಿ ತಳ್ಳಿ, ಮೈಯೆಲ್ಲ ಕೆಂಪು ಮಾಡಿಕೊಂಡು ಮುಖಕ್ಕೆ ಉಗಿಯಿತು. ಅಂದಿನಿಂದ ಅವನು ಬಾಗಿಲಲ್ಲಿ ಕಂಡರೆ ಸಾಕು, ಕೆಂಪಾಗುವುದು, ಗುರಿಯಿಡುವುದು. ಮುನಿವೆಂಕಟಮ್ಮ ಬಂದರೆ ಮಾತ್ರ ಬಿಳಿಚಿಕೊಂಡು ತೆಪ್ಪಗಿರುತ್ತಿತ್ತು.

"ನನ್ ಸವತಿಗೆ ನಾನೇ ಇಷ್ಟ" ಅಂದಳು ಅವಳು. "ನಲವತ್ತು ವರ್ಷದಿಂದ ಆ ಪುಡಿ ಬಿಡಿ ಅಂತ ಬಡ್ಕೊಂಡೆ. ಉಗಿಯೋದು ನಂಗೆ ಹೊಳೀಲೇ ಇಲ್ಲ ನೋಡಿ."

ಬೈದುಕೊಂಡೇ ಅವನು ಅದಕ್ಕೆ ಅಡ್ಡಡ್ಡಲಾಗಿ ಮಲಗಿಸಿದ ಹಳೇ ಮಣ್ಣಿನ ಗಡಿಗೆಯೊಂದನ್ನು ಕೊಟ್ಟ. ಅದರೊಳಗೆ ಅದು ಮನೆ ಮಾಡಿತು. ತಿಂದ ಏಡಿಗಳ ಚಿಪ್ಪನ್ನು ಗಡಿಗೆಯ ಬಾಯಲ್ಲಿ ಗುಡ್ಡೆ ಹಾಕಿಕೊಂಡು, ಅಂಗಡಿ ಇಟ್ಟವನ ಗತ್ತಿನಲ್ಲಿ ಕೂರುತ್ತಿತ್ತು. ಆಂಜಿನಪ್ಪ ಗುಡಿಸಿದರೆ ಮತ್ತೆ ಗುಡ್ಡೆ ಹಾಕುತ್ತಿತ್ತು.

ಆಮೇಲೆ ಅದು ಮೇವು ಬಿಟ್ಟಿತು.

ಮೊದಲು ಆಂಜಿನಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ರೇಷ್ಮೆ ಹುಳುವೂ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಕೂರುತ್ತದೆ, ಅದಕ್ಕೆ ಜ್ವರಕ್ಕೆ ಕೂತಿತು ಎನ್ನುತ್ತಾರೆ. ಇದೂ ಜ್ವರಕ್ಕೆ ಕೂತಿರಬೇಕು, ಎದ್ದ ಮೇಲೆ ಎರಡರಷ್ಟು ತಿನ್ನುತ್ತದೆ ಎಂದು ಸಮಾಧಾನ ತಂದುಕೊಂಡ. ಅದು ಏಳಲಿಲ್ಲ. ತೊಟ್ಟಿಯ ತಳದ ಕಲ್ಲುಗಳನ್ನೆಲ್ಲ ಒಂದೊಂದಾಗಿ ಎಳೆದುಕೊಂಡು ಗಡಿಗೆಯ ಬಾಯಿಗೆ ಗೋಡೆ ಕಟ್ಟಿಕೊಂಡಿತು. ಏಡಿ ಬಿಟ್ಟರೆ ಏಡಿ ಅದರ ಮುಂದೆಯೇ ಹಬ್ಬಕ್ಕೆ ಬಂದ ನೆಂಟನ ಹಾಗೆ ಓಡಾಡಿಕೊಂಡಿತ್ತು. ಒಂದು ವಾರ ಕಳೆಯಿತು. ಉಗಿಯುವುದೂ ನಿಂತಿತು. ಆಂಜಿನಪ್ಪನಿಗೆ ನಿಜವಾಗಿ ಭಯವಾದದ್ದು ಅದಕ್ಕೇ. ಸಿದ್ದರಾಜು ಮೀನು ತರಲು ತೂತುಕುಡಿಗೆ ಹೋಗಿ ಕೂತಿದ್ದ. ಫೋನು ಮಾಡಿದರೆ, "ಜಾಗ ಬದಲಾದ್ರೆ ಮುನಿಸ್ಕೊಳ್ತವೆ ದೊಡ್ಡಪ್ಪ, ಸರಿ ಹೋಗ್ತದೆ" ಅಂದ.

ಊರಿನಲ್ಲಿ ಸುದ್ದಿಗೆ ಕಾಲು ಬೇಕೇ? ಗೋಪಾಲಪ್ಪ ಬೇಲಿಯ ಮೇಲೆ ಮೊಣಕೈ ಊರಿ ನಿಂತ.

"ಏನಪ್ಪಾ, ಇದೂ ಮೇವು ಬಿಡ್ತಂತೆ?"

"ಜ್ವರಕ್ಕೆ ಕೂತೈತೆ."

"ಅವತ್ತೂ ಹಂಗೇ ಅಂದಿದ್ದೆ."

ಆಂಜಿನಪ್ಪ ಹುಳುಮನೆಯ ಕಡೆ ಹೊರಳಿದ. ಅದೇ ಮನೆ, ಅದೇ ಅಟ್ಟಣಿಗೆ, ತನ್ನದೇ ಕೈ. ಈ ಹಾಳು ಪ್ರಾಣಿ ಸತ್ತರೆ ಗೋಪಾಲಪ್ಪನ ಮಾತು ಕಲ್ಲಿನ ಮೇಲೆ ಬರೆದಷ್ಟು ಗಟ್ಟಿಯಾಗುತ್ತದೆ. ಜನರ ಬಾಯಿ ಹಾಗಿರಲಿ, ತನಗೇ ತನ್ನ ಕೈಯ ಮೇಲೆ ನಂಬಿಕೆ ಹೋಗುತ್ತದೆ.

ಅವನು ಹುಳುಮನೆಯ ಹಳೆಯ ಕಟ್ಟುಪಾಡುಗಳನ್ನೆಲ್ಲ ಎಳೆದು ತಂದ. ಹೊಸ್ತಿಲಿಗೆ ಸುಣ್ಣದ ಪುಡಿ ಹಾಕಿದ. ಗೋಣಿತಾಟುಗಳನ್ನು ಗಂಟೆಗೊಂದು ಸಲ ನೆನೆಸಿದ. ಕಡ್ಡಿಪುಡಿಯ ಡಬ್ಬಿಯನ್ನು ತಿಪ್ಪೆಗೆ ಎಸೆದ. ಅಡುಗೆಮನೆಗೆ ಹೋಗಿ, "ಒಗ್ಗರಣೆ ಹಾಕಬೇಡ" ಅಂದ.

"ನೀರೊಳಗಿರೋ ಪ್ರಾಣಿಗೆ ನನ್ ಒಗ್ಗರಣೆ ವಾಸನೆ ಎಲ್ಲಿಂದ ಹೋಗ್ತದ್ರೀ?"

"ಹೋಗ್ತದೆ. ಅದಕ್ಕೆ ಕಾಲಲ್ಲಿ ಬುದ್ಧಿ ಐತೆ."

"ನಿಮಗೆ ಎಲ್ಲೈತೆ?" ಎಂದು ಕೇಳಿ ಮುನಿವೆಂಕಟಮ್ಮ ಬಾಣಲೆ ಕೆಳಗಿಟ್ಟಳು. ಆ ದಿನದಿಂದ ಮನೆಯಲ್ಲಿ ಸಪ್ಪೆ ಸಾರು.

ಮೇವು ಬಿಟ್ಟು ಹದಿನೈದು ದಿನವಾಗಿರಬಹುದು. ಆಂಜಿನಪ್ಪ ಬ್ಯಾಟರಿ ಬೆಳಕು ಬಿಟ್ಟು ಗಡಿಗೆಯೊಳಗೆ ಇಣುಕಿದ. ಗಡಿಗೆಯ ಒಳಚಾವಣಿಯ ತುಂಬ ಬೆಳ್ಳಗೆ ಏನೋ ಜೋತುಬಿದ್ದಿತ್ತು. ಎಳೆ ಎಳೆಯಾಗಿ, ಗೊಂಚಲು ಗೊಂಚಲಾಗಿ. ಸುಣ್ಣಕಟ್ಟು! ಗೋಡೆಯಲ್ಲಿ ಅವಿತಿದ್ದ ಬೂಷ್ಟು ನೀರಿಗೂ ಇಳಿಯಿತು. ಎರಡು ಬೆಳೆ ನುಂಗಿದ್ದು ಸಾಲದೆ ಮೂರನೆಯದಕ್ಕೂ ಬಂತು.

ಈ ಸಲ ಬಿಡಬಾರದು ಎಂದುಕೊಂಡು ಹಿಪ್ಪುನೇರಳೆ ಕಡ್ಡಿಯೊಂದನ್ನು ಮುರಿದು ತಂದು, ಅಂಗಿಯ ತೋಳು ಮಡಿಸಿ, ನೀರಿಗೆ ಕೈ ಹಾಕಿ, ಕಲ್ಲಿನ ಗೋಡೆ ಸರಿಸಿ ಗಡಿಗೆಯೊಳಗಿನ ಬಿಳಿಯನ್ನು ಕೆರೆಯಹೋದ. ಅಷ್ಟು ದಿನ ಸತ್ತಂತೆ ಬಿದ್ದಿದ್ದ ಎಂಟುಕಾಲಿ ಸಿಡಿಲಿನ ಹಾಗೆ ಎದ್ದಿತು. ಬಿಳಿಯಿಂದ ಕಡುಗೆಂಪಿಗೆ, ಕಡುಗೆಂಪಿನಿಂದ ಕಪ್ಪಿಗೆ ತಿರುಗಿ, ಎಂಟು ಕಾಲನ್ನೂ ಅವನ ಮೊಣಕೈ ತನಕ ಬಿಗಿದು ಜಗ್ಗಿತು. ಕಡ್ಡಿ ಮುರಿಯಿತು. "ಬಿಡೇ ಮೂದೇವಿ! ನಿನ್ ಒಳ್ಳೇದಕ್ಕೇ ಮಾಡ್ತಿರೋದು!" ಎಂದು ಕಿರುಚುತ್ತಾ ಅವನು ಕೈ ಕಿತ್ತುಕೊಂಡ. ಕೈಯ ತುಂಬ ದುಂಡು ದುಂಡಾದ ಕೆಂಪು ಗುರುತು. ಬೆರಳಿಗೆ ಒಂದು ಬಿಳಿ ಎಳೆ ಸುತ್ತಿಕೊಂಡಿತ್ತು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಬಂದ. ಬೂಷ್ಟು ಪುಡಿಯಾಗಬೇಕಿತ್ತು, ಆಗಲಿಲ್ಲ. ದಾರಕ್ಕೆ ಪೋಣಿಸಿದ ನುಚ್ಚಕ್ಕಿಯ ಹಾಗೆ ಕಾಳು ಕಾಳು. ಕನ್ನಡಕ ಏರಿಸಿ ಕಣ್ಣಿನ ಹತ್ತಿರ ಹಿಡಿದ. ಒಂದೊಂದು ಕಾಳಿನಲ್ಲೂ ಎರಡೆರಡು ಕಪ್ಪು ಚುಕ್ಕೆ.

ಆ ಚುಕ್ಕೆ ಅವನಿಗೆ ಗೊತ್ತು. ರೇಷ್ಮೆ ಮೊಟ್ಟೆ ಒಡೆಯುವ ಮುಂಚೆ ಒಳಗಿನ ಮರಿಯ ತಲೆ ಹೀಗೇ ಚುಕ್ಕೆಯಾಗಿ ಕಾಣುತ್ತದೆ. ಇವು ಕಣ್ಣುಗಳು. ಬಿಸಿಲಿನಲ್ಲಿ, ಅವನ ಅಂಗೈಯಲ್ಲಿ, ಒಂದು ಮಾಲೆ ಮರಿಗಳು ಅವನನ್ನೇ ನೋಡುತ್ತಿದ್ದವು. ಓಡಿಹೋಗಿ ನೀರಿಗೆ ಹಾಕಿದ. ಎಳೆ ತಳಕ್ಕಿಳಿದು ಬಿತ್ತು. ಗಡಿಗೆಗೆ ಅಂಟಿಸುವ ಬಗೆ ಅವನಿಗೆ ತಿಳಿಯಲಿಲ್ಲ. ಎಂಟುಕಾಲಿ ಆಗಲೇ ಮುರಿದ ಗೋಡೆಗೆ ಕಲ್ಲು ಹೊಂದಿಸುತ್ತಿತ್ತು.

"ಮೊದ್ಲೇ ಹೇಳೋಕೇನಾಗಿತ್ತೇ ನಿಂಗೆ!" ಎಂದು ಬೈದ.

ಫೋನಿನಲ್ಲಿ ಸಿದ್ದರಾಜು ನಂಬಲೇ ಇಲ್ಲ. "ಮೊಟ್ಟೆನಾ? ಒಂದೇ ಬಂದಿದ್ದಲ್ವಾ ದೊಡ್ಡಪ್ಪ!" ಕಡಲಿನವರನ್ನು ಕೇಳಿ ಮತ್ತೆ ಫೋನು ಮಾಡಿದ. ಗಂಡು ಕೊಟ್ಟ ಬೀಜವನ್ನು ಹೆಣ್ಣು ಎಷ್ಟೋ ವಾರ ಒಳಗೇ ಕಾಪಿಟ್ಟುಕೊಂಡಿದ್ದು, ಜಾಗ ಸಿಕ್ಕಾಗ ಮೊಟ್ಟೆ ಇಡುತ್ತದಂತೆ. ಇಟ್ಟ ಮೇಲೆ ಕಾವಲು ಬಿಟ್ಟು ಕದಲುವುದಿಲ್ಲ, ಏನನ್ನೂ ತಿನ್ನುವುದಿಲ್ಲ. ಮರಿ ಹೊರಬಂದ ಮೇಲೆ ಸಾಯುತ್ತದೆ.

"ಉಳಿಸೋಕೆ ಆಗಲ್ವಾ?"

"ಆಗಲ್ಲ ದೊಡ್ಡಪ್ಪ. ಕಡಲಲ್ಲಿದ್ರೂ ಅಷ್ಟೇ. ಅದರ ಆಯಸ್ಸೇ ಒಂದೆರಡು ವರ್ಷ."

ಆಂಜಿನಪ್ಪ ಫೋನು ಇಟ್ಟು ಹೊಸ್ತಿಲ ಮೇಲೆ ಕೂತ. ಮುಚ್ಚಳ ತೆಗೆಯುವಷ್ಟು ಬುದ್ಧಿ, ಮೂರು ಹೃದಯ, ಎಂಟು ಕಾಲು, ಸಾವಿರ ನಾಲಿಗೆ ಕೊಟ್ಟು, ಆಯಸ್ಸು ಮಾತ್ರ ಒಂದು ಕರುವಿಗೆ ಕೋಡು ಮೂಡುವಷ್ಟು! ಯಾರ ಲೆಕ್ಕಾಚಾರವೋ ಇದು, ಕಂಡರೆ ಕೊರಳಪಟ್ಟಿ ಹಿಡಿದು ಕೇಳಬೇಕು ಅನ್ನಿಸಿತು. ಇದು ಹೇಗೂ ಸಾಯುತ್ತದೆ. ಗೋಪಾಲಪ್ಪ ಹೇಗೂ ನಗುತ್ತಾನೆ. ಇನ್ನು ಕೈಯಲ್ಲಿ ಮಾಡುವುದಕ್ಕೆ ಉಳಿದದ್ದು ಮೊಟ್ಟೆ ಒಡೆಸುವುದೊಂದೇ. ಅದು ಅವನ ಕಸುಬು.

ಕಣ್ಣು ಮೂಡಿದ ರೇಷ್ಮೆ ಮೊಟ್ಟೆಗೆ ಕತ್ತಲು ಕಟ್ಟಬೇಕು, ಆಗ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಇದಕ್ಕೂ ಹಾಗೇ ಇರಬೇಕೆಂದುಕೊಂಡು ಅವನು ಪೆಟ್ಟಿಗೆಯಿಂದ ಕರಿಕಂಬಳಿ ತೆಗೆದು ತೊಟ್ಟಿಯ ಮೇಲೆ ಹೊದಿಸಿದ.

"ಅಯ್ಯೋ, ನಮ್ಮಪ್ಪ ಕೊಟ್ಟಿದ್ ಕಂಬಳಿ!" ಮುನಿವೆಂಕಟಮ್ಮ ಬಾಯಿ ಬಡಿದುಕೊಂಡಳು. "ನನ್ ಬಾಣಂತನದಲ್ಲೂ ಅದನ್ನ ನಂಗೆ ಹೊದಿಸಲಿಲ್ಲ ನೀವು!"

"ನೀನು ಊಟ ಬಿಟ್ಟಿರಲಿಲ್ಲ."

ಅವಳು ಬೈಯುತ್ತಲೇ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಕಂಬಳಿಯ ಮೂಲೆ ಎತ್ತಿ ಇಣುಕಿದಳು. ಎಂಟುಕಾಲಿ ಮೊಟ್ಟೆಯ ಗೊಂಚಲುಗಳಿಗೆ ಮೆಲ್ಲನೆ ನೀರು ಊದುತ್ತಿತ್ತು, ತೊಟ್ಟಿಲು ತೂಗಿದ ಹಾಗೆ ಅವು ಅತ್ತಿತ್ತ ಆಡುತ್ತಿದ್ದವು. ಕಾಲಿನ ತುದಿಯಿಂದ ಒಂದೊಂದು ಎಳೆಯನ್ನೂ ಸವರಿ ಕೊಳೆ ತೆಗೆಯುತ್ತಿತ್ತು. ಮುನಿವೆಂಕಟಮ್ಮ ಕಂಬಳಿಯ ಮೂಲೆಯನ್ನು ಸರಿಯಾಗಿ ಇಳಿಬಿಟ್ಟಳು. ಆಮೇಲೆ ಒಗ್ಗರಣೆಯ ಮಾತೆತ್ತಲಿಲ್ಲ.

ದಿನ ಕಳೆದಂತೆ ಎಂಟುಕಾಲಿ ಬೂದಿಬಣ್ಣಕ್ಕೆ ಬಂತು. ಕಾಲುಗಳು ಸೊರಗಿದವು, ತೊಗಲು ಸಡಿಲವಾಯಿತು. ಆಂಜಿನಪ್ಪ ದಿನವೂ ಸುಲಿದ ಸೀಗಡಿಯನ್ನು ಗಡಿಗೆಯ ಬಾಯಿಗೆ ಹಿಡಿದು, "ಒಂದ್ ಚೂರು ತಿನ್ನೇ, ನಿನ್ ದಮ್ಮಯ್ಯ. ಉಪಾಸ ಇರೋ ಬಾಣಂತೀನ ಎಲ್ಲಾರ ಕಂಡಿದೀಯಾ? ತಾಯಿ ತಿಂದ್ರೆ ತಾನೇ ಮಕ್ಳು" ಎಂದು ಗದರುವನು. ಅದು ಸೀಗಡಿಯನ್ನು ಒಂದು ಕಾಲಿನಿಂದ ಮೆಲ್ಲಗೆ ಆಚೆ ತಳ್ಳುವುದು. ಅವನಿಗೆ ಮೈಯೆಲ್ಲ ಉರಿಯುವುದು. ಎದ್ದು ಹೊರಗೆ ಹೋಗಿ ಒಂದು ಸುತ್ತು ಹಾಕಿ ಮತ್ತೆ ಬರುವನು.

ಒಂದು ಬೆಳಿಗ್ಗೆ ಕಂಬಳಿ ಎತ್ತಿದಾಗ ನೀರು ಮಸುಕಾಗಿ ಕಂಡಿತು. ಮುಖ ಹತ್ತಿರ ತಂದ. ಮಸುಕಲ್ಲ, ಮರಿಗಳು. ದೀಪದ ಸುತ್ತ ಮುತ್ತುವ ನುಸಿಯ ಹಾಗೆ ಸಾವಿರ ಸಾವಿರ. ಒಂದೊಂದಕ್ಕೂ ಎಂಟು ಮೊಟಕು ಕಾಲು, ಎರಡು ಕಣ್ಣು, ಮೈಮೇಲೆ ಹೊತ್ತಿ ಆರುವ ಕಂದು ಚುಕ್ಕೆ. ತಾಯಿ ಗಡಿಗೆಯ ಬಾಯಲ್ಲಿ ನಿಂತು ಉಳಿದವನ್ನು ಊದಿ ಊದಿ ಹೊರಗಟ್ಟುತ್ತಿತ್ತು. ಎಲ್ಲ ಮುಗಿದ ಮೇಲೆ ತಾನೂ ಹೊರಬಂದು ಗಾಜಿಗೆ ಒರಗಿತು.

ಆಂಜಿನಪ್ಪ ಬೆರಳನ್ನು ನೀರಿಗೆ ಅದ್ದಿದ. ಒಂದು ಕಾಲಿನ ತುದಿ ಬಂದು ಬೆರಳಿಗೆ ಸುತ್ತಿತು. ಬಟ್ಟಲುಗಳು ಒಂದೊಂದಾಗಿ ರುಚಿ ನೋಡಿದವು. ಕಡ್ಡಿಪುಡಿ ಇರಲಿಲ್ಲ. ಉಗಿಯಲಿಲ್ಲ.

"ಉಗಿಯೇ" ಅಂದ ಅವನು. "ಉಗಿಯೇ, ಏನೂ ಅನ್ನಲ್ಲ."

ಹೊತ್ತು ಏರುವಷ್ಟರಲ್ಲಿ ಹಿಡಿತ ಸಡಿಲವಾಯಿತು.

ಗೋಪಾಲಪ್ಪ ಮಧ್ಯಾಹ್ನದೊಳಗೇ ಬೇಲಿಗೆ ಬಂದ. "ಸತ್ತೋಯ್ತಂತೆ?"

ಅಷ್ಟು ದಿನ ನುಂಗಿದ್ದೆಲ್ಲ ಆಂಜಿನಪ್ಪನ ಬಾಯಿಗೆ ಬಂತು. "ಸತ್ಲು ಕಣೋ. ಮೊಟ್ಟೆ ಇಟ್ಟ ರೇಷ್ಮೆ ಚಿಟ್ಟೆ ಸಾಯಲ್ವೇನೋ? ಅದು ಬಾಯಿಗೆ ಏನಾದ್ರೂ ಹಾಕ್ಕೊಳ್ತದಾ? ಚಿಟ್ಟೆ ಸತ್ತಿದ್ದಕ್ಕೆ ಸಾಕಿದವನ ಕೈ ಸರಿಯಿಲ್ಲ ಅಂತ ಯಾವನಾದ್ರೂ ಅಂದಿದ್ದು ಕೇಳಿದೀಯಾ? ಬಾ ಇಲ್ಲಿ. ಕಾಲು ತೊಳ್ಕಂಡು ಬಾ!"

ಗೋಪಾಲಪ್ಪ ಕಾಲು ತೊಳೆದೇ ಒಳಗೆ ಬಂದ. ತೊಟ್ಟಿಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದ.

"ಇಷ್ಟೂ ಒಂದರವೇನಾ?"

"ಒಂದರವೇ."

"ಬದುಕ್ತವಾ?"

"ಗೊತ್ತಿಲ್ಲ" ಅಂದ ಆಂಜಿನಪ್ಪ. ಅದು ನಿಜ. ಕಣ್ಣಿಗೆ ಕಾಣದ ಕಡಲಿನ ಮೇವು ಇವಕ್ಕೆ ಬೇಕು, ಕಡಲಿನಲ್ಲೇ ಸಾವಿರಕ್ಕೆ ಒಂದು ಉಳಿದರೆ ಹೆಚ್ಚು ಎಂದು ಸಿದ್ದರಾಜು ಹೇಳಿದ್ದ. ಅವನು ಸಂಜೆಗೆ ಬಂದು, ಆಮ್ಲಜನಕ ತುಂಬಿದ ಚೀಲಗಳಲ್ಲಿ ಹಿಡಿದಷ್ಟು ಮರಿಗಳನ್ನು ತುಂಬಿ, ಕಡಲ ಕಡೆ ಹೊರಟಿದ್ದ ಮೀನಿನ ಗಾಡಿಗೆ ಹತ್ತಿಸಿದ. ನೀರಿಗೆ ಬಿಟ್ಟರೆಂದು ಮಾರನೆಯ ದಿನ ಫೋನು ಬಂತು. ಎಷ್ಟು ಉಳಿದಿದ್ದವೋ ಯಾರೂ ಹೇಳಲಿಲ್ಲ. ಆಂಜಿನಪ್ಪನೂ ಕೇಳಲಿಲ್ಲ.

ಆ ದಿನ ಮರಿ ನೋಡಿ ಹೊರಡುವಾಗ ಗೋಪಾಲಪ್ಪ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡಿದ್ದ. "ನಮ್ ಭಾವಮೈದನ ಹುಳ ಎರಡು ದಿನದಿಂದ ಮಂಕಾಗವೆ. ನಾಳೆ ಒಂದ್ ಗಳಿಗೆ ಬರ್ತೀಯಾ?"

"ನನ್ ಕೈ ಮುಟ್ಟಿದ್ರೆ ಜಾಲಿ ಒಣಗ್ತದಲ್ಲ."

"ಸುಮ್ನೆ ಬಾರೋ. ಮಾತು ಹಿಡ್ಕಂಡು ಜಗ್ತಾನೆ."

"ಬೆಕ್ಕಿಗೆ ಬೈದಿದ್ದು ತಪ್ಪು ನಂದೇ" ಅಂದ ಆಂಜಿನಪ್ಪ, ಗೋಡೆಯ ಕಡೆ ನೋಡಿಕೊಂಡು. "ಮೀನು ತಿಂದಿದ್ದು ಇವಳೇ."

ಮುಂದಿನ ವಾರ ಸಿದ್ದರಾಜು ಬಂದು, "ಇನ್ನೊಂದು ತರ್ಲಾ ದೊಡ್ಡಪ್ಪ? ಈ ಸಲ ಗಂಡು ನೋಡಿ ತರ್ತೀನಿ" ಅಂದ.

"ನಿನ್ ಗಾಜಿನ ಪೆಟ್ಟಿಗೆ ಎಲ್ಲಾ ಎತ್ಕಂಡು ಬೇರೆ ಕಡೆ ನೋಡ್ಕಳಪ್ಪ. ನಂಗೆ ಹುಳಾ ಇಡೋಕೆ ಮನೆ ಬೇಕು."

ಒಳಗಿನಿಂದ ಮುನಿವೆಂಕಟಮ್ಮ ಕೂಗಿದಳು: "ಮತ್ತೆ ಹಸುಗಳಿಗೆ ಏನ್ ಹಾಕ್ಲಿ?"

"ಹುಲ್ಲು ಹಾಕು. ಸೊಪ್ಪು ಮುಟ್ಟಬೇಡ."

ತೊಟ್ಟಿಗಳು ಹೋದವು. ಆಂಜಿನಪ್ಪ ಸುಣ್ಣದ ಬಕೆಟ್ಟು, ಕುಂಚ ಹಿಡಿದು ಒಳಗೆ ಬಂದ. ತೊಟ್ಟಿಗಳಿಂದ ಸೋರಿದ ಕಡಲುಪ್ಪು ಗೋಡೆಯ ಬುಡದ ಉದ್ದಕ್ಕೂ ಬೆಳ್ಳಗೆ ಹೊರಬಿಟ್ಟಿತ್ತು. ಕೆರೆದ. ಸುಣ್ಣ ಬಳಿದ. ಬೆಳಗಾಗುವಷ್ಟರಲ್ಲಿ ಸುಣ್ಣದ ಮೇಲೇ ಮತ್ತೆ ಉಪ್ಪು ಹೂ ಬಿಟ್ಟಿತ್ತು. ಅದನ್ನು ಕೆರೆಯುತ್ತಾ ಅವನು ಹಲ್ಲು ಕಡಿದ.

"ಹೋದ್ಮೇಲೂ ಕಾಟ ಬಿಡಲ್ಲ ಈ ಮೂದೇವಿ!"